ಬಲಗಡೆಯ ಬಾಗಿಲು

ಹೊಸ ಕ್ಯಾಬಿನೆಟ್ ಬಂದಿದೆಯೆಂದರೆ ಎಲ್ಲರೂ ಅದರ ಎಡಗಡೆಯ ಗಾಜಿನ ಮುಂದೆ ನಿಲ್ಲುತ್ತಾರೆ. ಒಳಗೆ ದೀಪ ಮಿಣುಕುತ್ತಿರುತ್ತದೆ, ಫ್ಯಾನು ಬಣ್ಣ ಬದಲಿಸುತ್ತಿರುತ್ತದೆ. ನಾನು ಮಾತ್ರ ಬಲಗಡೆಯ ಬಾಗಿಲು ಬಿಚ್ಚಿ ಎಂದು ಅಂಗಡಿಯವನ ಬೆನ್ನು ಬೀಳುತ್ತೇನೆ. ಮದರ್‌ಬೋರ್ಡ್ ಕೂರುವ ತಗಡಿನ ಹಿಂಭಾಗ ಕಾಣುವುದು ಅಲ್ಲಿ; ಕೇಬಲ್ಲುಗಳು ಅಡಗಬೇಕಾದದ್ದೂ ಅಲ್ಲೇ. ಧಾರವಾಡದ ಕಸೂತಿ ಸೀರೆ ಕೈಗೆ ಬಂದರೆ ನಮ್ಮಜ್ಜಿ ಮೊದಲು ಸೆರಗು ಮಗುಚಿ ನೋಡುತ್ತಿದ್ದಳು. ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಕಣ್ಣಿಗೆ ಬೀಳಕೂಡದು. ನನ್ನ ಚಾಳಿಯೂ ಅವಳದೇ ಇರಬೇಕು.

ನಾನಿರುವುದು ಕೋಲ್ಕತ್ತದ ಬಾರಾನಗರದಲ್ಲಿ, ಬಿ.ಟಿ. ರೋಡಿಗೆ ಸೇರುವ ಒಂದು ಓಣಿಯಲ್ಲಿ. ಈ ಚಟಕ್ಕೆ ಒಪ್ಪುವ ಊರು. ಇದೇ ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ (ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ದಶಕಗಳ ಕಾಲ ದುಡಿದ ಸಂಸ್ಥೆ) 1956ರಲ್ಲಿ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಬಂದಿಳಿಯಿತು. ದೇಶಕ್ಕೆ ಬಂದ ಮೊದಲ ಡಿಜಿಟಲ್ ಕಂಪ್ಯೂಟರ್ ಅದು. ನಿರ್ವಾತ ಕೊಳವೆಗಳ ಯಂತ್ರ, ನೆನಪೆಲ್ಲ ತಿರುಗುವ ಡ್ರಮ್ಮಿನ ಮೇಲೆ. ಅದಕ್ಕೆ ತಣ್ಣಗಿಟ್ಟ ಕೋಣೆಯೇ ಬೇಕಿತ್ತು. ಆಮೇಲೆ ಸೋವಿಯತ್ ದೇಶದ ಉರಾಲ್ ಬಂತು. ಬಿಸಿಗಾಳಿಯನ್ನು ಎಲ್ಲಿಂದ ಹೊರಗೆ ಕಳಿಸುವುದು ಎಂಬ ತಲೆನೋವು ಈ ರಸ್ತೆಗೆ ಹಳೆಯದು.

ಗಾಳಿಯ ವಿಷಯಕ್ಕೆ ಬಂದರೆ, ಇಂಟೆಲ್ 1995ರಲ್ಲಿ ಎಟಿಎಕ್ಸ್ ಅಳತೆಗಳನ್ನು ಗೊತ್ತು ಮಾಡಿದ ಮೇಲೆ ಬಹುಕಾಲ ಪವರ್ ಸಪ್ಲೈ ಪೆಟ್ಟಿಗೆಯ ನೆತ್ತಿಯಲ್ಲೇ ಇತ್ತು. ಪ್ರೊಸೆಸರಿನ ಬಿಸಿಯೆಲ್ಲ ಅದರ ಪಾಲಿಗೆ. 2005ರ ಆಂಟೆಕ್ ಪಿ180 ಅದನ್ನು ಕೆಳಗಿಳಿಸಿ ಬೇರೆ ಗೂಡಿನಲ್ಲಿ ಕೂರಿಸಿತು. ಸಿಲ್ವರ್‌ಸ್ಟೋನಿನ ರೇವನ್ ಇನ್ನೂ ಮುಂದೆ ಹೋಗಿ ಬೋರ್ಡನ್ನೇ ತೊಂಬತ್ತು ಡಿಗ್ರಿ ತಿರುಗಿಸಿತು: ಗಾಳಿ ಕೆಳಗಿನಿಂದ ಬರಲಿ, ಬಿಸಿ ತನ್ನ ಸ್ವಭಾವದಂತೆ ಮೇಲೇರಿ ಹೋಗಲಿ. ಕೂಲರ್ ಮಾಸ್ಟರಿನ ಹಾಫ್ 932ರಲ್ಲಿ 230 ಮಿಲಿಮೀಟರಿನ ಫ್ಯಾನುಗಳಿದ್ದವು. ನನ್ನ ಮನಸ್ಸು ರೇವನ್ ಕಡೆಗೆ. ದೊಡ್ಡ ಫ್ಯಾನು ಹಾಕುವುದು ದುಡ್ಡಿನ ಮಾತು, ಬೋರ್ಡು ತಿರುಗಿಸಲು ತಲೆ ಬೇಕು.

ಆದರೆ ಬಾರಾನಗರದ ಗಾಳಿ ಬರಿಯ ಗಾಳಿಯಲ್ಲ. ಹೂಗ್ಲಿಯ ತೇವ, ಬಿ.ಟಿ. ರೋಡಿನ ಧೂಳು ಎರಡೂ ಕೂಡಿ ಫ್ಯಾನಿನ ರೆಕ್ಕೆಗೆ ಬೂದು ಬಣ್ಣದ ಜಿಡ್ಡಾಗಿ ಅಂಟುತ್ತವೆ. ಆದ್ದರಿಂದ ನನ್ನ ಎರಡನೆಯ ಪರೀಕ್ಷೆ ತಳದ ಧೂಳಿನ ಜಾಲರಿ: ಅದು ಮುಂದಕ್ಕೆ ಜಾರಿ ಬರಬೇಕು. ಹಿಂದಕ್ಕೆ ಎಳೆಯುವಂತಿದ್ದರೆ, ತುಂಬಿದ ಫುಲ್ ಟವರನ್ನು ಗೋಡೆಯಿಂದ ಸರಿಸಿ ಯಾರು ತೊಳೆಯುತ್ತಾರೆ? ಒಳಗೆ ತಳ್ಳುವ ಫ್ಯಾನು ಹೊರಗೆ ತಳ್ಳುವುದಕ್ಕಿಂತ ಒಂದು ಕೈ ಮೇಲಿದ್ದರೆ ಸಂದಿಗಳಿಂದ ಗಾಳಿ ಹೊರಕ್ಕೇ ಹೋಗುತ್ತದೆ, ಧೂಳು ನುಸುಳುವುದಿಲ್ಲ.

ಮೊನ್ನೆ ಇನ್‌ಸ್ಟಿಟ್ಯೂಟಿನಲ್ಲಿ ಸಂಶೋಧನೆ ಮಾಡುವ ಹುಬ್ಬಳ್ಳಿಯ ಹುಡುಗನೊಬ್ಬ ನನ್ನನ್ನು ಚಾಂದನಿ ಮಾರ್ಕೆಟ್ಟಿಗೆ ಎಳೆದುಕೊಂಡು ಹೋದ. ಅವನಿಗೆ ಎರಡು ಗ್ರಾಫಿಕ್ಸ್ ಕಾರ್ಡ್, ಇ-ಎಟಿಎಕ್ಸ್ ಬೋರ್ಡ್.

"ಸರ್, ಆ ಗಾಜಿಂದು ಭಾಳ ಚಂದ ಐತ್ರಿ."

"ಇರಲಿ, ನಿನ್ನ ಬೋರ್ಡಿನ ಅಗಲ ಎಷ್ಟು ಹೇಳಪ್ಪ."

ಸಾಮಾನ್ಯ ಎಟಿಎಕ್ಸ್ ಬೋರ್ಡು 244 ಮಿಲಿಮೀಟರ್, ಇವನದು 330. ಡಬ್ಬದ ಮೇಲೆ ಇ-ಎಟಿಎಕ್ಸ್ ಎಂದೇ ಅಚ್ಚಾಗಿತ್ತು, ಸುಳ್ಳೇನಲ್ಲ. ಆದರೆ ಟೇಪು ಹಿಡಿದು ನೋಡಿದರೆ ಬೋರ್ಡಿನ ಅಂಚು ಕೇಬಲ್ ತೂರಿಸುವ ತೂತುಗಳ ಮೇಲೇ ಬಂದು ಕೂರುತ್ತದೆ. ಹಿಂದಿನಿಂದ ಬಂದ 24 ಪಿನ್ನಿನ ದಪ್ಪ ಕೇಬಲ್ ಆಮೇಲೆ ಎಲ್ಲಿಂದ ತಲೆ ಹಾಕಬೇಕು? ಬದಿಗಿಟ್ಟೆವು.

ಮುಂದಿನದರ ಬಲಗಡೆ ಬಿಚ್ಚಿಸಿದೆ. ಮೂರು ತಿರುಪೂ ಕೈಯಲ್ಲೇ ತಿರುಗಿದವು, ಬಿಚ್ಚಿದ ಮೇಲೂ ಬಾಗಿಲಿಗೇ ಅಂಟಿಕೊಂಡು ನಿಂತವು. ಕೆಳಗೆ ಬಿದ್ದು ಉರುಳುವ ಗೋಳಿಲ್ಲ. ತೂತಿನ ರಬ್ಬರು ಎಳೆದೆ, ಕಿತ್ತು ಬರಲಿಲ್ಲ. ತಗಡಿನ ಅಂಚಿನ ಮೇಲೆ ಬೆರಳಾಡಿಸಿದೆ: ಒಳಕ್ಕೆ ಮಡಚಿದ್ದರು, ಚರ್ಮ ತರಚುವಂತಿರಲಿಲ್ಲ. ಹಿಂದಿನ ಸಂದಿಯಲ್ಲಿ ಎರಡು ಬೆರಳು ಅಡ್ಡಡ್ಡ ಆರಾಮಾಗಿ ಹಿಡಿಸಿದವು. ಅಷ್ಟಿಲ್ಲದಿದ್ದರೆ ಬಾಗಿಲಿಗೆ ಮೊಣಕಾಲು ಕೊಟ್ಟು ಒತ್ತಿ ಮುಚ್ಚಬೇಕಾಗುತ್ತದೆ. ಪ್ರೊಸೆಸರಿನ ಹಿಂದೆ ದೊಡ್ಡ ಕಿಂಡಿ ಕೊರೆದಿದ್ದರು. ಕೂಲರ್ ಬದಲಿಸಲು ಬೋರ್ಡ್ ಕೀಳಬೇಕಿಲ್ಲ. ಹಾರ್ಡ್ ಡಿಸ್ಕಿನ ಗೂಡು ಮಾತ್ರ ರಿವೆಟ್ ಹೊಡೆದು ಕೂರಿಸಿದ್ದು, ಮುಂದಿನ ಫ್ಯಾನಿಗೆ ಅಡ್ಡ. ಅದೊಂದು ಕೊರೆ. ಅಂಗಡಿಯವ ನಮ್ಮಿಬ್ಬರ ಮುಖ ನೋಡಿ ಒಂದಿಷ್ಟು ಇಳಿಸಿದ.

2021ರಿಂದ ಚಾಂದನಿಯಿಂದ ಬಾರಾನಗರಕ್ಕೆ ನೇರ ಮೆಟ್ರೋ ಇದೆ. ಆ ಡಬ್ಬ ಹೊತ್ತು ಅದರೊಳಗೆ ನುಗ್ಗುವ ಧೈರ್ಯ ನಮಗಾಗಲಿಲ್ಲ. ಹಳದಿ ಟ್ಯಾಕ್ಸಿ ಹಿಡಿದೆವು. ಹುಡುಗ ಹಿಂದಿನ ಸೀಟಿನಲ್ಲಿ ಡಬ್ಬದ ಪಕ್ಕ ಮುದುಡಿ ಕೂತಿದ್ದ.

"ಸರ್, ಲೈಟ್ ಒಂದೂ ಬ್ಯಾಡೇನ್ರಿ?"

"ಹಾಕ್ಕೊಳ್ಳಪ್ಪ, ಬೇಕಾದಷ್ಟು ಹಾಕ್ಕೋ. ಆ ಕಡೆ ನಾನು ನೋಡೋದೇ ಇಲ್ಲ."