ಮನೆಯವರ ಮುಖ ಬರೆದಾಕೆ



ನಮ್ಮ ವಾಶಿಯ ಮನೆಗಳಲ್ಲಿ ಮಕ್ಕಳು ಚಿತ್ರಕಲೆ ಕಲಿಯುತ್ತೇನೆಂದರೆ “ಅದರಿಂದ ಹೊಟ್ಟೆ ತುಂಬೀತೆ?” ಎಂದು ಕೇಳುತ್ತೇವೆ. ಅಮೆರಿಕದ ಭಾವಚಿತ್ರ ಕಲಾವಿದೆ ಸಿಸಿಲಿಯಾ ಬೋ ಬದುಕೇ ಅದಕ್ಕೆ ಉತ್ತರ.

1855ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಆಕೆ ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡಳು. ಸಾಕಿದ್ದು ಅಜ್ಜಿ. ಸಂಪಾದನೆಗಾಗಿ ಪಳೆಯುಳಿಕೆಗಳ ಚಿತ್ರ ಬರೆದಳು, ಪಿಂಗಾಣಿ ತಟ್ಟೆಗಳ ಮೇಲೆ ಮಕ್ಕಳ ಮುಖ ಬರೆದಳು. ಆ ತಟ್ಟೆಗಳ ಕೆಲಸ ಮನಸ್ಸಿಗೆ ಹಿಡಿಸದಿದ್ದರೂ ಕೈ ಪಳಗಿತು. ಬಳಿಕ ಮಗುವನ್ನು ಮಡಿಲಲ್ಲಿಟ್ಟುಕೊಂಡ ತನ್ನ ಅಕ್ಕನನ್ನೇ ಬರೆದಳು. 1887ರಲ್ಲಿ ಆ ಚಿತ್ರ ಪ್ಯಾರಿಸ್ಸಿನ ಸಲೋನ್ ಪ್ರದರ್ಶನ ಸೇರಿತು. ಮರುವರ್ಷ ತಾನೇ ಅಲ್ಲಿಗೆ ಹೋಗಿ ಜೂಲಿಯನ್ ಅಕಾಡೆಮಿಯಲ್ಲಿ ಕಲಿತಳು. ಉಡುಪಿಯ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದ ನಮ್ಮ ಕೆ.ಕೆ. ಹೆಬ್ಬಾರರೂ ಮುಂದೆ ಕಲಿತದ್ದು ಅಲ್ಲಿಯೇ!

1895ರಲ್ಲಿ ಸಿಸಿಲಿಯಾ ಪೆನ್ಸಿಲ್ವೇನಿಯಾ ಕಲಾ ಅಕಾಡೆಮಿಯ ಮೊದಲ ಪೂರ್ಣಾವಧಿ ಅಧ್ಯಾಪಕಿಯಾದಳು. 1902ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ, ಮಗಳ ಚಿತ್ರ ಬರೆದಳು. 1942ರಲ್ಲಿ ತೀರಿಕೊಂಡಳು.

ನೋಡಿ, ಅಷ್ಟು ದೂರ ನಡೆಸಿದ್ದು ಮನೆಯವರದೇ ಮುಖ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಪೆನ್ಸಿಲ್ ಹಿಡಿದು ಅವರೆದುರು ಅರ್ಧ ಗಂಟೆ ಕುಳಿತುಕೊಳ್ಳಿ. ಚಿತ್ರ ಹೇಗೇ ಬರಲಿ, ಅಜ್ಜಿಯ ಕನ್ನಡವಂತೂ ಕಿವಿಗೆ ಬಿದ್ದೀತು.