ಬಂಡಿಯ ಬಲವನ್ನಳೆಯುವ ಬೆಟ್ಟ

ಅಮೆರಿಕಾ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿ ಕೊಲೊರಾಡೊ ನದಿಯು ನೆವಾಡಾ ಮತ್ತು ಅರಿಜೋನಾ ರಾಜ್ಯಗಳ ನಡುವಣ ಎಲ್ಲೆಯಾಗಿ ಹರಿಯುತ್ತದೆ. ಪೂರ್ವದ ದಡದಲ್ಲಿ ಬುಲ್‌ಹೆಡ್ ಸಿಟಿ ಎಂಬ ಊರು. ಎದುರು ದಡದಲ್ಲಿ, ಜೂಜಿನ ಮನೆಗಳ ದೀಪಮಾಲೆಯಿಂದ ಇರುಳೆಲ್ಲ ಬೆಳಗುವ ಲಾಫ್ಲಿನ್. ತುಸು ಉತ್ತರಕ್ಕೆ, 1951ರಲ್ಲಿ ಮುಗಿದ ಡೇವಿಸ್ ಅಣೆಕಟ್ಟು ನದಿಯನ್ನು ತಡೆದು ಮೊಹಾವೆ ಸರೋವರವನ್ನುಂಟುಮಾಡಿದೆ. ಸುತ್ತಲೂ ಹುಲ್ಲುಕಡ್ಡಿಯೂ ದುರ್ಲಭವಾದ ಕಗ್ಗಲ್ಲಿನ ಬೆಟ್ಟಗಳು. ಬೇಸಗೆಯಲ್ಲಿ ಉಷ್ಣಮಾಪಕವು 110 ಡಿಗ್ರಿ ಫ್ಯಾರನ್‌ಹೀಟನ್ನು ದಾಟುವುದು ಇಲ್ಲಿ ಸುದ್ದಿಯೇ ಅಲ್ಲ.

ಇಂಥ ಉರಿಬಿಸಿಲಿನಲ್ಲಿಯೇ ಹುಡುಕಿಕೊಂಡು ಇಲ್ಲಿಗೆ ಬರುವ ಒಂದು ವರ್ಗದ ಜನರುಂಟು. ಅವರು ಮೋಟಾರು ಕಾರ್ಖಾನೆಗಳ ಎಂಜಿನಿಯರುಗಳು. ಅವರಿಗೆ ಬೇಕಾದುದು ನದಿಯಲ್ಲ, ಜೂಜೂ ಅಲ್ಲ, ಬೆಟ್ಟ. ನದಿಯ ಮಗ್ಗುಲಿನಿಂದ ಹೊರಡುವ 68ನೆಯ ರಾಜ್ಯ ಹೆದ್ದಾರಿಯು ಬ್ಲ್ಯಾಕ್ ಮೌಂಟನ್ಸ್ ಎಂಬ ಶ್ರೇಣಿಯನ್ನೇರಿ, ಯೂನಿಯನ್ ಪಾಸ್ ಎಂಬ ಕಣಿವೆಬಾಗಿಲನ್ನು ದಾಟಿ ಕಿಂಗ್‌ಮನ್ ಕಡೆಗೆ ಸಾಗುತ್ತದೆ. ಹತ್ತುದಾರಿಯ ಉದ್ದ ಸುಮಾರು ಹನ್ನೊಂದೂವರೆ ಮೈಲಿ. ಅಷ್ಟರಲ್ಲಿ ರಸ್ತೆ ಸುಮಾರು ಮೂರು ಸಾವಿರ ಅಡಿ ಮೇಲೇರುತ್ತದೆ. ನಮ್ಮ ಘಟ್ಟಗಳ ಹಾವಿನಂಥ ತಿರುವುಗಳು ಇಲ್ಲಿಲ್ಲ. ಅಗಲವಾದ, ನೇರವಾದ, ದಣಿವರಿಯದ ಏರು. ಕಣ್ಣಿಗೆ ಸೌಮ್ಯವಾಗಿಯೇ ತೋರುತ್ತದೆ; ಎಂಜಿನ್ನಿಗೆ ಮಾತ್ರ ಅದರ ನಿಜರೂಪ ಗೊತ್ತು. ‘ಡೇವಿಸ್ ಡ್ಯಾಮ್ ಗ್ರೇಡ್’ ಎಂಬ ಹೆಸರಿನಿಂದ ಇದು ಮೋಟಾರು ಜಗತ್ತಿನಲ್ಲೆಲ್ಲ ಪ್ರಸಿದ್ಧವಾಗಿದೆ.

ಒಂದು ಪಿಕಪ್ ಟ್ರಕ್ಕು ಎಷ್ಟು ಭಾರವನ್ನು ಎಳೆಯಬಲ್ಲುದೆಂಬುದನ್ನು ಹಿಂದೆ ಆಯಾ ಕಂಪನಿಯೇ ತನಗೆ ತೋಚಿದ ರೀತಿಯಲ್ಲಿ ನಿರ್ಣಯಿಸಿ ಸಾರುತ್ತಿತ್ತು. ಒಬ್ಬನು ಹತ್ತು ಸಾವಿರ ಪೌಂಡು ಎಂದರೆ ನೆರೆಯವನು ಹತ್ತು ಸಾವಿರದ ಇನ್ನೂರು ಎನ್ನುವನು. ಈ ಪಂದ್ಯಕ್ಕೆ ಕಡಿವಾಣ ಹಾಕಲು 2008ರಲ್ಲಿ ಎಂಜಿನಿಯರುಗಳ ಸಂಘವಾದ ಎಸ್.ಎ.ಇ. ‘ಜೆ 2807’ ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ಅದರಂತೆ ವಾಹನವು, ತಾನು ಎಳೆಯಬಲ್ಲೆನೆಂದು ಹೇಳಿಕೊಳ್ಳುವ ಪೂರ್ಣ ಭಾರವನ್ನು ಕಟ್ಟಿಕೊಂಡು, ಕನಿಷ್ಠ 100 ಡಿಗ್ರಿ ಬಿಸಿಲಿನಲ್ಲಿ, ಒಳಗಿನ ತಂಪುಯಂತ್ರವನ್ನು ಪೂರ್ತಿ ಓಡಿಸುತ್ತ ಈ ಏರನ್ನು ಹತ್ತಬೇಕು. ಹಿಂದೆ ಒಂಟಿ ಚಕ್ರಗಳ ಜೋಡಿಯಿರುವ ಟ್ರಕ್ಕಿನ ವೇಗ ಗಂಟೆಗೆ 40 ಮೈಲಿಗಿಂತ ಇಳಿಯಕೂಡದು; ಜೋಡಿಚಕ್ರದ ಟ್ರಕ್ಕಿಗೆ 35 ಮೈಲಿ. ಎಂಜಿನ್ ಕುದಿಯಕೂಡದು, ಎಚ್ಚರಿಕೆಯ ದೀಪ ಹೊತ್ತಕೂಡದು. ಈ ಬಗೆಯ ಪರೀಕ್ಷೆಗಳಲ್ಲಿ ಗೆದ್ದು ಬಂದ ಅಂಕೆಯೇ ಮಾರಾಟದ ಪ್ರಚಾರಪತ್ರದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗುವುದು.

ಅಂಕೆ ಪ್ರಾಮಾಣಿಕವಾದುದೇ. ಆದರೆ ಅದನ್ನು ನಂಬಿ ಮೋಸಹೋಗುವವರು ಇಂದಿಗೂ ಕಡಿಮೆಯಾಗಿಲ್ಲ. ಹೇಗೆಂಬುದನ್ನು ತಿಳಿಯಬೇಕಾದರೆ ಚಳಿಗಾಲದಲ್ಲಿ ಇದೇ ರಸ್ತೆಯನ್ನು ನೋಡಬೇಕು.

ಉತ್ತರದ ಸೀಮೆಗಳಲ್ಲಿ ಹಿಮ ಬೀಳತೊಡಗಿದೊಡನೆ ಅರಿಜೋನಾದ ಬೆಚ್ಚನೆಯ ಮರುಭೂಮಿಗೆ ಸಾವಿರಾರು ಕುಟುಂಬಗಳು ವಲಸೆ ಬರುತ್ತವೆ. ‘ಹಿಮದ ಹಕ್ಕಿಗಳು’ ಎಂದೇ ಅವರಿಗೆ ಅಡ್ಡಹೆಸರು. ಹೆಚ್ಚಿನವರು ನಿವೃತ್ತರು. ದಕ್ಷಿಣದ ಕ್ವಾರ್ಟ್‌ಸೈಟ್ ಎಂಬ ಪುಟ್ಟ ಊರಿನ ಹೊರಗೆ ಸರಕಾರದ ಬಯಲಿನಲ್ಲಿ ಸೆಪ್ಟೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಬೀಡುಬಿಡಲು ಅವರಿಗೆ ಅನುಮತಿಯುಂಟು. ಈ ಹಕ್ಕಿಗಳು ಗೂಡನ್ನೂ ಜೊತೆಗೇ ತರುತ್ತವೆ. ಅಂಥ ಗೂಡುಗಳಲ್ಲಿ ಬಹು ದೊಡ್ಡದು ‘ಫಿಫ್ತ್‌ವೀಲ್’, ಅಂದರೆ ಐದನೆಯ ಗಾಲಿಯ ಟ್ರೇಲರ್.

ಹೆಸರು ಕೇಳಿ ಗಾಲಿಗಳನ್ನೆಣಿಸಲು ಹೊರಟವರು ನಿರಾಶರಾಗುತ್ತಾರೆ. ಹಿಂದಿನ ಕಾಲದ ಕುದುರೆಸಾರೋಟುಗಳಲ್ಲಿ, ಮುಂದಿನ ಅಚ್ಚು ಎಡಬಲಕ್ಕೆ ತಿರುಗಲೆಂದು ಅದರ ಮೇಲೆ ಮಲಗಿಸಿಟ್ಟ ಒಂದು ಕಬ್ಬಿಣದ ಬಳೆಯಿರುತ್ತಿತ್ತು. ನಾಲ್ಕು ಗಾಲಿಗಳಾದ ಮೇಲೆ ಇದು ಐದನೆಯದು. ಲಾರಿಗಳ ಕಾಲದಲ್ಲಿ ಆ ಬಳೆಯ ಕೆಲಸವನ್ನು ಉಕ್ಕಿನ ಹಲಗೆಯೊಂದು ವಹಿಸಿಕೊಂಡಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಸಾಮಾನ್ಯ ಟ್ರೇಲರನ್ನು ಟ್ರಕ್ಕಿನ ಹಿಂಬದಿಯ ಗುಂಡಿಗೆ ಸಿಕ್ಕಿಸುತ್ತಾರೆ. ಫಿಫ್ತ್‌ವೀಲ್ ಹಾಗಲ್ಲ, ಅದರ ಮೂತಿ ಟ್ರಕ್ಕಿನ ತೆರೆದ ತೊಟ್ಟಿಯ ಮೇಲೆ ಚಾಚಿಕೊಂಡು, ಕಿಂಗ್‌ಪಿನ್ ಎಂಬ ದಪ್ಪ ಉಕ್ಕಿನ ಗೂಟದ ಮೂಲಕ ಹಿಂದಿನ ಅಚ್ಚಿನ ನೇರಕ್ಕೋ ತುಸು ಮುಂದಕ್ಕೋ ಕುಳಿತುಕೊಳ್ಳುತ್ತದೆ. ಆದುದರಿಂದಲೇ ಗಾಳಿಗೆ ಬಾಲವಾಡಿಸುವುದು ಕಡಿಮೆ, ಓಡಿಸುವವನಿಗೆ ನೆಮ್ಮದಿ ಹೆಚ್ಚು. ಒಳಗೆ ಮಂಚ, ಸ್ನಾನಗೃಹ, ಅಡಿಗೆಮನೆ. ನಿಲ್ಲಿಸಿದಾಗ ಗುಂಡಿಯೊತ್ತಿದರೆ ಗೋಡೆಯೇ ಹೊರಕ್ಕೆ ಸರಿದು ಕೋಣೆ ವಿಶಾಲವಾಗುತ್ತದೆ.

ಚಿಕ್ಕ ಗೂಡಿನಲ್ಲಿ ಎರಡು ಚಳಿಗಾಲ ಕಳೆದ ದಂಪತಿಗಳಿಗೆ ದೊಡ್ಡ ಗೂಡಿನ ಆಸೆ ಹುಟ್ಟುವುದು ಸಹಜ. ಮೊಮ್ಮಕ್ಕಳು ಬಂದರೆ ಮಲಗಿಸಲು ಜಾಗ ಬೇಡವೆ? ಈಗಿರುವ ಟ್ರಕ್ಕಿನ ಸಾಲ ತೀರಿದೆ. ಅದನ್ನು ಬದಲಿಸುವ ಮನಸ್ಸಿಲ್ಲ. ಅಂಗಡಿಯಲ್ಲಿ 14,000 ಪೌಂಡಿನ ಭವ್ಯವಾದ ಟ್ರೇಲರೊಂದು ನಿಂತಿದೆ. “ನಿಮ್ಮ ಟ್ರಕ್ಕು ಹದಿನೈದು ಸಾವಿರ ಎಳೆಯುತ್ತದೆ, ಸ್ವಾಮಿ. ಇನ್ನೂ ಒಂದು ಸಾವಿರ ಉಳಿತಾಯ!” ಎನ್ನುತ್ತಾನೆ ಮಾರಾಟಗಾರ. ಅವನ ಮಾತು ಸುಳ್ಳಲ್ಲ. ಅಪಾಯವಿರುವುದೇ ಅಲ್ಲಿ.

ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಎತ್ತಿನ ಗಾಡಿ ಹೂಡಿದ ನಮ್ಮ ಯಾವ ರೈತನಿಗೂ ಇದನ್ನು ವಿವರಿಸಬೇಕಾಗಿಲ್ಲ. ಹೊರೆಯನ್ನು ಗಾಡಿಯ ಹಿಂದಕ್ಕೆ ತುಂಬಿದರೆ ಮೂಕಿ ಮೇಲೇಳುತ್ತದೆ. ತೀರ ಮುಂದಕ್ಕೆ ತುಂಬಿದರೆ ನೊಗ ಎತ್ತುಗಳ ಹೆಗಲನ್ನು ಅಮುಕುತ್ತದೆ. ಮುಂಭಾರವಾದ ಗಾಡಿಯನ್ನು ಎಂಥ ಬಲವಾದ ಜೋಡಿಯೂ ಬಹುದೂರ ಎಳೆಯಲಾರದು. ಫಿಫ್ತ್‌ವೀಲು ಉದ್ದೇಶಪೂರ್ವಕವಾಗಿಯೇ ಮುಂಭಾರದ ಗಾಡಿ. ಅದರ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ಹದಿನೈದರಿಂದ ಇಪ್ಪತ್ತೈದು ಪಾಲು ಕಿಂಗ್‌ಪಿನ್ನಿನ ಮೂಲಕ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತದೆ. ಇಪ್ಪತ್ತೆಂದು ಹಿಡಿದರೂ 14,000 ಪೌಂಡಿನ ಟ್ರೇಲರು ಬೆನ್ನ ಮೇಲೆ ಹೇರುವುದು 2,800 ಪೌಂಡು.

ಬೆನ್ನು ಎಷ್ಟು ತಾಳಬಲ್ಲುದು? ಆ ಅಂಕೆ ಪ್ರಚಾರಪತ್ರದ ದಪ್ಪಕ್ಷರದಲ್ಲಿಲ್ಲ. ಚಾಲಕನ ಬಾಗಿಲನ್ನು ತೆರೆದರೆ ಕಂಬದ ಮೇಲೆ ಹಳದಿ ಬಣ್ಣದ ಒಂದು ಚೀಟಿ ಅಂಟಿಸಿದೆ. ಪ್ರಯಾಣಿಕರೂ ಸಾಮಾನೂ ಸೇರಿ ಇಷ್ಟನ್ನು ಎಂದಿಗೂ ಮೀರಕೂಡದೆಂದು ಅದರಲ್ಲಿ ಬರೆದಿದೆ. ಬೇರೆ ಬೇರೆ ಟ್ರಕ್ಕಿಗೆ ಬೇರೆ ಬೇರೆ ಅಂಕೆ. ಒಂದೇ ಮಾದರಿಯಾದರೂ ಚರ್ಮದ ಆಸನ, ಗಾಜಿನ ಮಾಡು ಮುಂತಾದ ಭೋಗಸಾಮಗ್ರಿ ಹೆಚ್ಚಿದಷ್ಟೂ ಹೊರೆಯ ಮಿತಿ ಇಳಿಯುತ್ತದೆ. ‘ಮುಕ್ಕಾಲು ಟನ್ನು’ ಎಂದು ಕರೆಯಲ್ಪಡುವ ಡೀಸೆಲ್ ಟ್ರಕ್ಕುಗಳಲ್ಲಿ ಅದು 2,200 ಪೌಂಡಿನ ಸುಮಾರಿಗಿರುವುದು ಅಪರೂಪವಲ್ಲ. ಅದರಲ್ಲಿ ಗಂಡಹೆಂಡಿರ ತೂಕ 350 ಕಳೆಯಿರಿ. ತೊಟ್ಟಿಯಲ್ಲಿ ಕೂರಿಸಿದ ಕೊಂಡಿಗೆ 150. ಉಪಕರಣದ ಪೆಟ್ಟಿಗೆಗೂ ನಾಯಿಗೂ 100. ಉಳಿದುದು 1,600. ಇದನ್ನು ಐದರಿಂದ ಗುಣಿಸಿದರೆ 8,000 ಪೌಂಡು. ಹದಿನೈದು ಸಾವಿರ ಎಳೆಯುವ ಟ್ರಕ್ಕು ಹೊರಬಲ್ಲ ಫಿಫ್ತ್‌ವೀಲು ಇಷ್ಟೇ! ಬೆಟ್ಟದ ಪರೀಕ್ಷೆಯಲ್ಲಿ ಚಾಲಕನೂ ಇನ್ನೊಬ್ಬನೂ ತಲಾ 150 ಪೌಂಡಿನವರೆಂದು ಲೆಕ್ಕ. ನಾಯಿ, ಮೊಮ್ಮಕ್ಕಳು, ಸೌದೆ, ಕುರ್ಚಿಮೇಜುಗಳಿಗೆ ಅಲ್ಲಿ ಎಡೆಯಿಲ್ಲ.

ಇಲ್ಲಿಗೂ ಲೆಕ್ಕ ಮುಗಿಯಲಿಲ್ಲ. ಟ್ರೇಲರಿನ ಪತ್ರದಲ್ಲಿ ಎರಡು ತೂಕಗಳಿರುತ್ತವೆ: ಕಾರ್ಖಾನೆಯಿಂದ ಬರಿದಾಗಿ ಹೊರಟಾಗಿನದು ಒಂದು, ತುಂಬಿಕೊಂಡು ಮುಟ್ಟಬಹುದಾದ ಗರಿಷ್ಠ ಇನ್ನೊಂದು. ಮಾರುವವನು ಮೊದಲನೆಯದನ್ನು ತೋರಿಸುತ್ತಾನೆ. ಕೊಳ್ಳುವವನು ಎರಡನೆಯದನ್ನು ನೋಡತಕ್ಕದ್ದು. ಬರಿದಾದ ಮನೆಯಲ್ಲಿ ಯಾರೂ ಸಂಸಾರ ಹೂಡುವುದಿಲ್ಲ. ಅರವತ್ತು ಗ್ಯಾಲನ್ ನೀರು ತುಂಬಿದರೇ 500 ಪೌಂಡು. ಬಟ್ಟೆಯ ಕಪಾಟು, ಬ್ಯಾಟರಿ, ಒಗೆಯುವ ಯಂತ್ರ ಇವೆಲ್ಲ ಮೂತಿಯ ಕಡೆಗೇ ಇದ್ದುಬಿಟ್ಟರೆ ಬೆನ್ನಿನ ಹೊರೆ ಇಪ್ಪತ್ತರ ಪಾಲನ್ನೂ ಮೀರುತ್ತದೆ.

ಹಿಂಭಾಗ ಕುಗ್ಗಿದ ಟ್ರಕ್ಕಿಗೆ ಗಾಳಿಯ ಚೀಲಗಳನ್ನು ಜೋಡಿಸಿ ಎತ್ತಿ ನಿಲ್ಲಿಸುವವರುಂಟು. ನೋಡಲು ಟ್ರಕ್ಕು ಸಮವಾಗುತ್ತದೆ. ಅಚ್ಚು, ಟೈರು, ಬ್ರೇಕುಗಳು ಮೊದಲಿದ್ದಂತೆಯೇ ಇರುತ್ತವೆ, ಬಾಗಿಲಿನ ಚೀಟಿಯೂ ಬದಲಾಗುವುದಿಲ್ಲ. ಮುಕ್ಕಾಲು ಟನ್ನಿನ ಟ್ರಕ್ಕಿಗೆ 10,000 ಪೌಂಡಿನ ಒಟ್ಟು ಮಿತಿಯನ್ನಿಟ್ಟಿರುವುದು ಬರಿಯ ಕಾಗದದ ವರ್ಗೀಕರಣಕ್ಕಾಗಿ, ಒಳಗಿನ ಕಬ್ಬಿಣವೆಲ್ಲ ಒಂದು ಟನ್ನಿನದೇ ಎಂಬ ವಾದವೂ ಕೇಳಿಬರುತ್ತದೆ. ಕೆಲವು ಮಾದರಿಗಳ ಮಟ್ಟಿಗೆ ಇದರಲ್ಲಿ ಸತ್ಯಾಂಶವಿರಬಹುದು. ಆದರೆ ತಮ್ಮ ಮಡದಿ ಮಕ್ಕಳನ್ನು ಕೂರಿಸಿಕೊಂಡು ಅದನ್ನು ಪರೀಕ್ಷಿಸಲು ಹೊರಡುವವರ ಧೈರ್ಯವನ್ನು ಮೆಚ್ಚುವುದು ಕಷ್ಟ.

ಏಕೆಂದರೆ ಹತ್ತಿದವನು ಇಳಿಯಲೂಬೇಕು. ಹತ್ತುವಾಗ ಬಲ ಸಾಲದಿದ್ದರೆ ಬಂಡಿ ನಿಧಾನವಾಗುತ್ತದೆ, ಅಷ್ಟೆ. ಯೂನಿಯನ್ ಪಾಸಿನಿಂದ ನದಿಯ ಕಡೆಗೆ ಇಳಿಯುವವನ ಪಾಡು ಬೇರೆ. ಟ್ರಕ್ಕೂ ಟ್ರೇಲರೂ ಸೇರಿ 20,000 ಪೌಂಡು ತೂಗಿದರೆ, ಮೂರು ಸಾವಿರ ಅಡಿ ಇಳಿಯುವಷ್ಟರಲ್ಲಿ ಅದು ಬಿಟ್ಟುಕೊಡುವ ಶಕ್ತಿ ಸುಮಾರು 250 ಲೀಟರು ತಣ್ಣೀರನ್ನು ಕುದಿಸಲು ಸಾಕು. ಮದುವೆಮನೆಯ ಹಂಡೆಗಳನ್ನು ನೆನೆಸಿಕೊಳ್ಳಬಹುದು. ಆ ಕಾವಿನಲ್ಲಿ ಒಂದಿಷ್ಟನ್ನು ಗಾಳಿಯ ತಡೆಯೂ, ಒಂದಿಷ್ಟನ್ನು ಕೆಳಗಿನ ಗೇರಿನಲ್ಲಿರುವ ಎಂಜಿನ್ನೂ ನುಂಗುತ್ತವೆ. ಮಿಕ್ಕುದೆಲ್ಲ ಬ್ರೇಕುಗಳ ಪಾಲು. ಬಲ್ಲ ಚಾಲಕನು ಇಳಿಜಾರು ತೊಡಗುವ ಮೊದಲೇ ಗೇರು ಇಳಿಸುತ್ತಾನೆ. ಅರಿಯದವನು ಬ್ರೇಕನ್ನು ತುಳಿಯುತ್ತಲೇ ಬರುತ್ತಾನೆ. ಮೊದಲು ಸುಟ್ಟ ವಾಸನೆ, ಆಮೇಲೆ ಹೊಗೆ, ಕೊನೆಗೆ ಕಾಲಡಿಯಲ್ಲಿ ಪೆಡಲು ಮೆತ್ತಗಾಗುತ್ತದೆ. ಅಂಥವರಿಗಾಗಿಯೇ ಈ ಇಳಿಜಾರಿನ ಮಗ್ಗುಲಲ್ಲಿ ಸಡಿಲ ಜಲ್ಲಿ ತುಂಬಿದ ಪಾರುದಾರಿಗಳನ್ನು ಮಾಡಿದ್ದಾರೆ. ಹಿಡಿತ ತಪ್ಪಿದ ವಾಹನ ಅದರೊಳಗೆ ನುಗ್ಗಿ ಹೂತು ನಿಲ್ಲುತ್ತದೆ.

ಈ ಬೆಟ್ಟಗಳಿಗೆ ಬಂಡಿಗಳನ್ನು ಬಳಲಿಸುವ ಚಾಳಿ ಹೊಸದಲ್ಲ. ಇದೇ ಶ್ರೇಣಿಯ ದಕ್ಷಿಣಕ್ಕೆ ಓಟ್‌ಮನ್ ಎಂಬ ಹಳೆಯ ಚಿನ್ನದ ಗಣಿಯೂರಿದೆ. ಪ್ರಸಿದ್ಧವಾದ 66ನೆಯ ಹೆದ್ದಾರಿ 1950ರ ದಶಕದ ಆರಂಭದವರೆಗೆ ಅದರ ಮೂಲಕವೇ ಸಿಟ್‌ಗ್ರೀವ್ಸ್ ಪಾಸನ್ನು ದಾಟುತ್ತಿತ್ತು. ಇಂಧನವು ತಾನಾಗಿ ಇಳಿದು ಎಂಜಿನ್ನಿಗೆ ಬರುತ್ತಿದ್ದ ಅಂದಿನ ಕಾರುಗಳನ್ನು ಕೆಲವರು ಹಿಮ್ಮುಖವಾಗಿ ಬೆಟ್ಟ ಹತ್ತಿಸುತ್ತಿದ್ದರು. ಕೆಲವರು ಹಣ ತೆತ್ತು ಬೇರೆ ವಾಹನದಿಂದ ಎಳೆಸಿಕೊಳ್ಳುತ್ತಿದ್ದರು. ಆ ಕಿರಿದಾದ ದಾರಿಯಲ್ಲಿ ನಲವತ್ತಡಿಗಿಂತ ಉದ್ದದ ವಾಹನಗಳಿಗೆ ಈಗಲೂ ಪ್ರವೇಶವಿಲ್ಲ. ಫಿಫ್ತ್‌ವೀಲಿನವರು ಓಟ್‌ಮನ್ನಿನ ಬೀದಿಯಲ್ಲಿ ಅಲೆಯುವ ಕತ್ತೆಗಳನ್ನು ನೋಡಬೇಕೆಂದರೆ ಮನೆಯನ್ನು ಕಳಚಿಟ್ಟು ಬರಬೇಕು. ಆ ಕತ್ತೆಗಳು ಗಣಿಗಾರರ ಹೊರೆ ಹೊತ್ತ ಪ್ರಾಣಿಗಳ ಸಂತತಿ. ಈಗ ಪ್ರವಾಸಿಗರ ಕೈತಿಂಡಿಯ ಮೇಲೆ ಸುಖವಾಗಿವೆ.

ಹಾಗಾದರೆ ದೊಡ್ಡ ಗೂಡಿನ ಆಸೆ ಬಿಡಬೇಕೆ? ಬಿಡಬೇಕಾಗಿಲ್ಲ. 7,000 ಪೌಂಡಿನದನ್ನು ಹೊಂದಿದ್ದವರು ಅದೇ ಟ್ರಕ್ಕಿಗೆ, ತುಂಬಿದಾಗ 8,000 ಮೀರದ, ಒಳಾಂಗಣ ಜಾಣ್ಮೆಯಿಂದ ರಚಿತವಾದ ಹಗುರ ಟ್ರೇಲರನ್ನು ಹುಡುಕಬಹುದು. ತೊಟ್ಟಿ ಗಿಡ್ಡವಾಗಿದ್ದರೆ, ತಿರುವಿನಲ್ಲಿ ಮನೆಯ ಮೂಲೆ ಟ್ರಕ್ಕಿನ ಹಿಂಗಾಜಿಗೆ ಬಡಿಯದಂತೆ ಹಿಂದೆ ಸರಿಯುವ ಕೊಂಡಿಯನ್ನು ಹಾಕಿಸಿಕೊಳ್ಳುವುದು ಮೇಲು. ಅದು ಇನ್ನಷ್ಟು ಭಾರ, ಆ ಪೌಂಡುಗಳನ್ನೂ 1,600ರಲ್ಲಿ ಕಳೆಯಬೇಕು. ಹದಿನಾಲ್ಕು ಸಾವಿರದ್ದೇ ಬೇಕೆಂದರೆ 4,000 ಪೌಂಡಿನಷ್ಟು ಹೊರಬಲ್ಲ ಒಂದು ಟನ್ನಿನ ಟ್ರಕ್ಕಿನ ಬೆಲೆಯನ್ನೂ ಟ್ರೇಲರಿನ ಬೆಲೆಗೆ ಕೂಡಿಸಿಯೇ ಅಂಗಡಿಯ ಮೆಟ್ಟಿಲು ಹತ್ತಬೇಕು.

ಕಾಗದದ ಲೆಕ್ಕದಲ್ಲಿ ನಂಬಿಕೆ ಸಾಲದವರಿಗೆ ಹೆದ್ದಾರಿಯ ಲಾರಿ ತಂಗುದಾಣಗಳಲ್ಲಿ ತೂಕದ ಕಟ್ಟೆಗಳಿವೆ. ಮುಂದಿನ ಅಚ್ಚು ಒಂದು ಹಲಗೆಯ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೇಲರಿನ ಗಾಲಿಗಳು ಮೂರನೆಯದರ ಮೇಲೆ ನಿಲ್ಲುತ್ತವೆ. ಅಲ್ಪ ಶುಲ್ಕಕ್ಕೆ ಮೂರು ತೂಕಗಳನ್ನೂ ಅಚ್ಚು ಹಾಕಿ ಕೊಡುತ್ತಾರೆ. ಟ್ರೇಲರನ್ನು ಕಳಚಿಟ್ಟು ಟ್ರಕ್ಕನ್ನು ಮಾತ್ರ ಮತ್ತೊಮ್ಮೆ ತೂಗಿಸಿದರೆ, ಬೆನ್ನಿನ ಮೇಲೆ ಕುಳಿತಿದ್ದ ಹೊರೆ ಎಷ್ಟೆಂಬುದು ಕಳೆಯುವ ಲೆಕ್ಕದಿಂದ ಸಿಗುತ್ತದೆ. ನೀರು ತುಂಬಿ, ಸಾಮಾನು ಹೇರಿ, ಮನೆಮಂದಿಯೆಲ್ಲ ಕುಳಿತಿರುವಾಗಲೇ ತೂಗಿಸಬೇಕು, ನಾಯಿಯನ್ನೂ ಇಳಿಸಕೂಡದು.