ಭದ್ರೆಯ ದಡದಲ್ಲಿ ಲೋಹನಾದ

ಬಾಳೆಹೊನ್ನೂರಿಗೆ ಭಕ್ತರು ಬರುವುದು ಭದ್ರಾತೀರದ ರಂಭಾಪುರೀ ಪೀಠವನ್ನೂ ವೀರಭದ್ರಸ್ವಾಮಿಯನ್ನೂ ಅರಸಿ. ತೋಟಗಾರರು ಬರುವುದು 1925ರಲ್ಲಿ ಮೈಸೂರು ಸರಕಾರವು ಆರಂಭಿಸಿದ ಕಾಫಿ ಸಂಶೋಧನಾ ಕೇಂದ್ರವನ್ನು ಅರಸಿ. ಸಂಗೀತಕ್ಕೆಂದೇ ಇಲ್ಲಿಗೆ ಬಂದವರನ್ನು ನಾವು ಕಂಡಿಲ್ಲ. ಆದರೂ ಈ ಲೇಖನವು ಸಂಗೀತವನ್ನು ಕುರಿತದ್ದು. ಅದೂ ಎಂತಹ ಸಂಗೀತ! ವಾಚಕ ಮಹಾಶಯರು ಕ್ಷಮಿಸಬೇಕು.

ಹೋದ ಆಷಾಢದಲ್ಲಿ ಬೆಂಗಳೂರಿನಿಂದ ನಮ್ಮ ಕಿರಿಯ ಮಗನು ರಜೆಗೆ ಬಂದಿದ್ದನು. ಸಂಜೆಯ ಮಳೆಯಲ್ಲಿ ಉಪ್ಪರಿಗೆಯಿಂದ ಒಂದು ಶಬ್ದವು ಕೇಳಿಸಿತು. ಮೊದಲು ಗುಡುಗೆಂದೇ ಭಾವಿಸಿದೆವು. ಅದು ಸಂಗೀತವೆಂದು ತಿಳಿದ ಮೇಲೆ ಮೂವತ್ತು ವರ್ಷ ತರಗತಿಯನ್ನು ಆಳಿದ ನಾಲಗೆಯಿಂದ, ಹೇಳಬಾರದ ಮಾತನ್ನು ಹೇಳಿಬಿಟ್ಟೆವು. ಮರುದಿನ ಮೊದಲನೆಯ ಬಸ್ಸಿಗೇ ಅವನು ಹೊರಟುಹೋದನು. ದೀಪಾವಳಿಗೂ ಬರಲಿಲ್ಲ. ತಪ್ಪು ನಮ್ಮದೆಂದು ಮನೆಯವಳು ಬಾಯಿಬಿಟ್ಟು ಹೇಳಲಿಲ್ಲ. ಹಬ್ಬದ ಊಟಕ್ಕೆ ಅವನ ಎಲೆಯನ್ನೂ ಹಾಕಿದಳು, ಅಷ್ಟೆ.

ಫಾಲ್ಗುಣದ ಜಾತ್ರೆಗೆ ಮಾತ್ರ ಬಂದನು. ಅಂದು ವೀರಗಾಸೆಯವರು ಕುಣಿಯುತ್ತಿದ್ದರು. ಸಂಬಾಳ ಕರಡೆಗಳ ಬಡಿತಕ್ಕೆ ಎದೆಯ ಗೂಡು ನಡುಗುತ್ತಿತ್ತು. ಅದರ ನಡುವೆ ಮುಖವೀಣೆಯ ಒಂದೇ ಎಳೆ. ಆಮೇಲೆ ದಕ್ಷಯಜ್ಞದ ಒಡಪು, ಕತ್ತಿಯ ಝಳಪು. ನೋಡುತ್ತ ನಿಂತಿದ್ದವನು, "ಅಪ್ಪಯ್ಯ, ಇದನ್ನು ನೀವು ಗದ್ದಲವೆನ್ನುವುದಿಲ್ಲವಲ್ಲ?" ಎಂದನು. ಉತ್ತರವು ಹೊಳೆಯಲಿಲ್ಲ. ಆ ರಾತ್ರಿ ಜಗಲಿಯಲ್ಲಿ ಕುಳಿತು ಅವನ ಸಂಗೀತವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆವು.

ಇದಕ್ಕೆ ಸಿಂಫೊನಿಕ್ ಮೆಟಲ್ ಎಂದು ಹೆಸರು. ಮೆಟಲ್ ಎಂದರೆ ಲೋಹ; ಸಿಂಫೊನಿ ಎಂದರೆ ಗ್ರೀಕರ ಮಾತಿನಲ್ಲಿ ಕೂಡಿ ಧ್ವನಿಸುವುದು. ವಿದ್ಯುತ್ ಗಿಟಾರಿನ ನಾದವನ್ನು ಯಂತ್ರವು ತಾಳಲಾರದಷ್ಟು ಬಲಗೊಳಿಸಿದರೆ ಧ್ವನಿಯ ಅಲೆಗಳ ತುದಿಗಳು ಕತ್ತರಿಸಿಹೋಗಿ ಆ ಗರ್ಜನೆಯು ಹುಟ್ಟುತ್ತದಂತೆ. ಅದರ ಮೇಲೆ ಪಿಟೀಲುಗಳ ಸಮೂಹ, ಕಹಳೆ, ವೃಂದಗಾನ. ಭರತಮುನಿಯು ಹೇಳಿದ ತತ, ಸುಷಿರ, ಅವನದ್ಧ, ಘನ ನಾಲ್ಕೂ ಇಲ್ಲಿ ಉಂಟು. ರೌದ್ರದ ಬೆನ್ನಿಗೇ ಕರುಣವೂ ಉಂಟು. ನೈಟ್‌ವಿಶ್ ಎಂಬ ಮೇಳವು 1996ರಲ್ಲಿ ಹುಟ್ಟಿದ್ದು ಫಿನ್ಲೆಂಡಿನ ಕಿಟೆ ಎಂಬ ಸಣ್ಣ ಊರಿನಲ್ಲಿ. ಕಾಡು, ಸರೋವರ, ಆಚೆಗೆ ರಷ್ಯದ ಗಡಿ. ನಮ್ಮೂರಿನಂತೆಯೇ ಮೂಲೆಯ ಊರು. ಶಾಸ್ತ್ರೀಯ ಗಾಯನವನ್ನು ಅಭ್ಯಾಸಮಾಡಿದ ಟಾರ್ಯಾ ಟುರುನೆನ್ ಎಂಬಾಕೆ ಅದರ ಮೊದಲ ಗಾಯಕಿ. 2004ರ ಹೊತ್ತಿಗೆ ಆ ಮೂಲೆಯವರಿಗಾಗಿ ಲಂಡನ್ನಿನ ವಾದ್ಯವೃಂದವೇ ನುಡಿಸಿತು.

ವಿದೇಶದ ಹುಚ್ಚೆಂದು ತಳ್ಳಿಬಿಡುವುದು ಸುಲಭ. ಆದರೆ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ ಲಂಡನ್ನಿನ ಫಿಲ್ಹಾರ್ಮೋನಿಯಾ ಸಂಗೀತಸಂಘದ ಪ್ರಥಮ ಅಧ್ಯಕ್ಷರಾಗಿದ್ದರು. ರಷ್ಯದ ಮೆಡ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಧನವಿತ್ತವರೂ ಅವರೇ. ಇನ್ನು ಲೋಹದ ಸಂಗೀತವೆಂದರೆ, 2007ರ ಮಾರ್ಚಿಯಲ್ಲಿ ಐರನ್ ಮೇಡನ್ ಮೇಳವೂ 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಮೇಳವೂ ನುಡಿಸಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ! ಎರಡು ಹೊಳೆಗಳೂ ಒಂದೇ ಮನೆತನದ ಅಂಗಳವನ್ನು ಹಾದುಹೋದವು.

ಎಲ್ಲವೂ ನಮಗೆ ರುಚಿಸಿತೆಂದಲ್ಲ. ಕೆಲವು ಮೇಳಗಳಲ್ಲಿ ಗಂಡಸರು ಗಂಟಲನ್ನು ಗೊಗ್ಗರಿಸಿ ಕೂಗುವುದನ್ನು ಈಗಲೂ ಸಹಿಸಲಾರೆವು. ಹಾಗೆಂದು ಅವನಿಗೆ ಹೇಳಿದೆವು. ಅವನು ನಕ್ಕನು.

ಹೊರಡುವ ದಿನ ಸೇತುವೆಯ ಮೇಲೆ ನಿಂತು ಹೊಳೆಯ ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡನು. ಬೇಸಗೆಯ ಭದ್ರೆ, ತೆಳ್ಳಗಿನ ದನಿ. "ಆಷಾಢದಲ್ಲಿ ಬಾ, ಆಗ ಇವಳ ಧ್ವನಿಯೇ ಬೇರೆ," ಎಂದೆವು. "ಬರುತ್ತೇನೆ, ಅಪ್ಪಯ್ಯ," ಎಂದು ಬಸ್ಸು ಹತ್ತಿದನು.